ಹತ್ತು ನಿಮಿಷದ ಚಿತ್ರವೊಂದು ನಿಜವಾಗಿಯೂ ಪಾಠ ಕಲಿಸಬಲ್ಲುದೇ?

ಕಿರುಚಿತ್ರಗಳ ಬಗ್ಗೆ ನೀವು ಕೇಳಿದ ಪ್ರಶ್ನೆಯಲ್ಲಿ ಎರಡು ಮಾತುಗಳಿವೆ. ನಾನು ನೋಡಿದ ಕಿರುಚಿತ್ರಗಳಲ್ಲಿ ಮನಸ್ಸಿನಲ್ಲಿ ಉಳಿದವು ಯಾವುವು, ಅವುಗಳಿಂದ ಕಲಿತದ್ದೇನು ಎಂಬುದು ಒಂದು. ಐದು-ಹತ್ತು ನಿಮಿಷದ ಚಿತ್ರ ಮನುಷ್ಯನಿಗೆ ಏನನ್ನಾದರೂ ಕಲಿಸುತ್ತದೆ ಎನ್ನುವುದನ್ನು ನಂಬಬಹುದೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ಅನುಮಾನ ನನಗೂ ಬಹಳ ಕಾಲ ಇತ್ತು, ಈಗಲೂ ಪೂರ್ತಿ ಹೋಗಿಲ್ಲ.

ಒಂದು ಕಾಲದಲ್ಲಿ ನಾನು 'ಸಂದೇಶವಿರುವ' ಕಿರುಚಿತ್ರಗಳನ್ನು ವಿಪರೀತವಾಗಿ ನೋಡುತ್ತಿದ್ದೆ. ಅವುಗಳ ಅಚ್ಚು ನಿಮಗೂ ಗೊತ್ತಿರುತ್ತದೆ: ವಯಸ್ಸಾದ ತಂದೆ, ಬಿಡುವಿಲ್ಲದ ಮಗ, ಹಿನ್ನೆಲೆಯಲ್ಲಿ ಮೆಲ್ಲಗೆ ನುಡಿಯುವ ಪಿಯಾನೊ, ಕೊನೆಗೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಮೂಡುವ ಒಂದು ಉಪದೇಶ. ಕಣ್ಣು ತೇವವಾಗುತ್ತಿತ್ತು, ನಾಲ್ಕು ಜನರಿಗೆ ಕಳುಹಿಸುತ್ತಿದ್ದೆ, ಮೂರನೆಯ ದಿನಕ್ಕೆ ಚಿತ್ರದ ಹೆಸರೂ ನೆನಪಿರುತ್ತಿರಲಿಲ್ಲ. ಅತ್ತದ್ದರಿಂದಲೇ ಒಳ್ಳೆಯವನಾದೆ ಎಂಬ ಸಮಾಧಾನವನ್ನು ಆ ಚಿತ್ರಗಳು ಅಗ್ಗವಾಗಿ ಕೊಡುತ್ತಿದ್ದವು ಎಂದು ಈಗ ಅನ್ನಿಸುತ್ತದೆ. ಪಾಠ ನನಗೆ ಮೊದಲೇ ಗೊತ್ತಿದ್ದದ್ದು. ತಂದೆತಾಯಿಯನ್ನು ಕಡೆಗಣಿಸಬಾರದು ಎನ್ನುವುದನ್ನು ತಿಳಿಯಲು ಯಾರಿಗೂ ಚಿತ್ರ ಬೇಕಾಗಿಲ್ಲ.

ಈ ಅಭಿಪ್ರಾಯ ಸಡಿಲಗೊಂಡದ್ದು 'ದಿ ಲಂಚ್ ಡೇಟ್' ಎಂಬ ಸುಮಾರು ಹತ್ತು ನಿಮಿಷದ ಕಪ್ಪು-ಬಿಳುಪು ಚಿತ್ರವನ್ನು ನೋಡಿದಾಗ. ಆಡಂ ಡೇವಿಡ್ಸನ್ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ, 1989ರಲ್ಲಿ ಮಾಡಿದ ಚಿತ್ರವಿದು; 1990ರಲ್ಲಿ ಕಾನ್ ಚಿತ್ರೋತ್ಸವದ ಕಿರುಚಿತ್ರ ವಿಭಾಗದ ಪಾಮ್ ಡೋರ್ ಪ್ರಶಸ್ತಿಯೂ ಮರುವರ್ಷ ಆಸ್ಕರ್ ಪ್ರಶಸ್ತಿಯೂ ಇದಕ್ಕೆ ಬಂದವು. ಕಥೆಯನ್ನು ಹೇಳಿಬಿಟ್ಟರೆ ನಿಮ್ಮ ಮೊದಲ ನೋಟದ ಸುಖವನ್ನು ಕಸಿದಂತಾಗುತ್ತದೆ, ಆದರೆ ಹೇಳದೆ ನನ್ನ ಉತ್ತರ ಮುಂದೆ ಸಾಗುವುದಿಲ್ಲ. ಹಾಗಾಗಿ ಚಿತ್ರವನ್ನು ಮೊದಲು ನೋಡಬಯಸುವವರು ಮುಂದಿನ ಎರಡು ಪ್ಯಾರಾಗಳನ್ನು ದಾಟಿ ಹೋಗಬಹುದು.

ನ್ಯೂಯಾರ್ಕಿನ ಗ್ರಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ, ಒಳ್ಳೆಯ ಉಡುಪಿನ ಬಿಳಿಯ ಹಿರಿಯ ಮಹಿಳೆಯೊಬ್ಬರಿಗೆ ರೈಲು ತಪ್ಪುತ್ತದೆ. ಅವರು ಅಲ್ಲಿನ ಉಪಾಹಾರ ಗೃಹದಲ್ಲಿ ಒಂದು ತಟ್ಟೆ ಸಲಾಡ್ ಕೊಂಡು, ಮೇಜಿನ ಮೇಲಿಟ್ಟು, ಫೋರ್ಕ್ ತರಲು ಹೋಗುತ್ತಾರೆ. ಮರಳಿ ಬಂದರೆ, ಬಡವನಂತೆ ಕಾಣುವ ಕಪ್ಪು ವರ್ಣದ ಗಂಡಸೊಬ್ಬ ಅಲ್ಲಿ ಕುಳಿತು ಸಲಾಡ್ ತಿನ್ನುತ್ತಿದ್ದಾನೆ. ಅದು ತನ್ನದು ಎಂದು ಹೇಳಿದರೂ ಅವನು ಕದಲುವುದಿಲ್ಲ. ಆಕೆಯೂ ಬಿಡದೆ ಎದುರಿಗೆ ಕುಳಿತು, ಅದೇ ತಟ್ಟೆಗೆ ಫೋರ್ಕ್ ಹಾಕಿ ತಿನ್ನತೊಡಗುತ್ತಾರೆ. ಮಾತಿಲ್ಲದ ಆ ಜಗ್ಗಾಟ ಮೆಲ್ಲಗೆ ಹಂಚಿಕೊಂಡ ಊಟವಾಗುತ್ತದೆ. ಅವನು ಎದ್ದು ಹೋಗಿ ಆಕೆಗೂ ಕಾಫಿ ತಂದುಕೊಡುತ್ತಾನೆ. ಹೊರಟುಹೋದ ಆಕೆ, ಚೀಲಗಳನ್ನು ಮರೆತದ್ದು ನೆನಪಾಗಿ ಓಡಿಬರುತ್ತಾರೆ. ಮನುಷ್ಯನೂ ಇಲ್ಲ, ಚೀಲಗಳೂ ಇಲ್ಲ. ಗಾಬರಿಯಿಂದ ಅತ್ತಿತ್ತ ಓಡಾಡುವಾಗ ಪಕ್ಕದ ಮೇಜಿನ ಕಡೆ ಕಣ್ಣು ಹೋಗುತ್ತದೆ: ಅಲ್ಲಿ ಆಕೆಯ ಚೀಲಗಳಿವೆ, ಮೇಜಿನ ಮೇಲೆ ಯಾರೂ ಮುಟ್ಟದ ಆಕೆಯ ಸಲಾಡ್ ಇದೆ. ಅಷ್ಟು ಹೊತ್ತು ಆಕೆ ತಿಂದದ್ದು ಅವನ ಊಟವನ್ನು.

ಆ ಮಹಿಳೆ ನಕ್ಕುಬಿಡುತ್ತಾರೆ. ನನಗೆ ನಗು ಬರಲಿಲ್ಲ, ಏಕೆಂದರೆ ಅಷ್ಟು ಹೊತ್ತು ಆಕೆಯ ಜೊತೆ ನಾನೂ ಆ ಮನುಷ್ಯನ ಮೇಲೆ ಸಿಟ್ಟಾಗಿದ್ದೆ, ಮತ್ತು ಚೀಲಗಳು ಕಾಣದಾದಾಗ ಆಕೆಗಿಂತ ಮೊದಲೇ ನಾನು ಅವನನ್ನು ಕಳ್ಳನೆಂದು ತೀರ್ಮಾನಿಸಿದ್ದೆ. ನಿರ್ದೇಶಕ ಮೋಸ ಮಾಡಿರಬೇಕು ಎಂದುಕೊಂಡು ಚಿತ್ರವನ್ನು ಮತ್ತೆ ಹಾಕಿ ನೋಡಿದೆ. ಮೋಸವೇನೂ ಇರಲಿಲ್ಲ. ಕ್ಯಾಮೆರಾ ಆಕೆಯ ಪಕ್ಕ ನಿಂತಿತ್ತು, ಅಷ್ಟೇ. ಉಳಿದದ್ದನ್ನೆಲ್ಲ ನಾನೇ ತುಂಬಿಕೊಂಡಿದ್ದೆ. 'ಬಣ್ಣ ನೋಡಿ, ಬಟ್ಟೆ ನೋಡಿ ಮನುಷ್ಯರನ್ನು ಅಳೆಯಬೇಡಿ' ಎಂದು ಚಿತ್ರ ಎಲ್ಲಿಯೂ ಹೇಳುವುದಿಲ್ಲ. ಹೇಳಿದ್ದರೆ ನಾನು ತಲೆಯಾಡಿಸಿ, 'ಸರಿಯಾದ ಮಾತು, ಜನ ಹೀಗೆಯೇ ಮಾಡುತ್ತಾರೆ' ಎಂದು ಬೇರೆಯವರ ಕಡೆ ಬೆರಳು ತೋರಿಸಿ ಸುಮ್ಮನಾಗುತ್ತಿದ್ದೆ.

ಇದಾದ ಕೆಲವು ವಾರಗಳ ನಂತರ ಕಚೇರಿಯಲ್ಲಿ ನನ್ನ ಹೆಡ್‌ಫೋನ್ ಕಾಣಲಿಲ್ಲ. ಹೊಸದಾಗಿ ಸೇರಿದ್ದ ಸಹೋದ್ಯೋಗಿಯ ಮೇಜಿನ ಮೇಲೆ ಅದೇ ಬಣ್ಣದ, ಅದೇ ಕಂಪನಿಯ ಹೆಡ್‌ಫೋನ್ ಇತ್ತು. ಕುರ್ಚಿಯಿಂದ ಎದ್ದೂ ಆಗಿತ್ತು, 'ಇದು ನನ್ನದಲ್ಲವೇ' ಎಂಬ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆಗ, ಏಕೋ, ಆ ಸಲಾಡ್ ತಟ್ಟೆ ನೆನಪಾಗಿ ಮಾತನ್ನು ನುಂಗಿಕೊಂಡೆ. ಹೆಡ್‌ಫೋನ್ ನನ್ನ ಚೀಲದ ಹಿಂದಿನ ಜಿಪ್ಪಿನೊಳಗೇ ಇತ್ತು. ಇದರಿಂದ ನಾನು ಬದಲಾದೆ ಎಂದು ಜಂಬ ಕೊಚ್ಚಿಕೊಳ್ಳುವಂತಿಲ್ಲ, ಆಮೇಲೂ ಹಲವರನ್ನು ಸುಮ್ಮಸುಮ್ಮನೆ ಅನುಮಾನಿಸಿದ್ದೇನೆ. ಆದರೆ ಚಿತ್ರವೊಂದು ಅಷ್ಟು ನಿರ್ದಿಷ್ಟವಾದ ಹೊತ್ತಿನಲ್ಲಿ ಬಂದು ತೋಳು ಹಿಡಿದು ನಿಲ್ಲಿಸಿದ್ದು ನನ್ನ ಅನುಭವದಲ್ಲಿ ಅದೇ ಮೊದಲು.

ಚಿಕ್ಕದಾಗಿರುವುದು ಕಿರುಚಿತ್ರದ ಕೊರತೆಯೆಂದು ಭಾವಿಸುವವರಿದ್ದಾರೆ. ಸಿನಿಮಾ ಹುಟ್ಟಿದ್ದೇ ಕಿರುಚಿತ್ರವಾಗಿ ಎಂಬುದನ್ನು ಅವರಿಗೆ ನೆನಪಿಸಬೇಕಾಗುತ್ತದೆ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯಲ್ಲಿ ಲ್ಯುಮಿಯೇರ್ ಸಹೋದರರು ಟಿಕೆಟ್ ಇಟ್ಟು ತೋರಿಸಿದ ಹತ್ತು ಚಿತ್ರಗಳಲ್ಲಿ ಒಂದೊಂದೂ ಒಂದು ನಿಮಿಷಕ್ಕಿಂತ ಕಡಿಮೆಯದು, ಏಕೆಂದರೆ ಅವರ ಕ್ಯಾಮೆರಾದೊಳಗೆ ಸುಮಾರು 17 ಮೀಟರ್ ಫಿಲ್ಮು ಮಾತ್ರ ಹಿಡಿಯುತ್ತಿತ್ತು. ಆ ಹತ್ತರಲ್ಲಿ ಒಂದರಲ್ಲಿ ಹುಡುಗನೊಬ್ಬ ತೋಟಗಾರನ ನೀರಿನ ಕೊಳವೆಯನ್ನು ಹಿಂದಿನಿಂದ ತುಳಿದು, ಅವನು ಕೊಳವೆಯ ಬಾಯಿಗೆ ಕಣ್ಣಿಟ್ಟು ನೋಡುವಾಗ ಕಾಲು ತೆಗೆಯುತ್ತಾನೆ. ತುಂಟತನ, ಫಲ, ಶಿಕ್ಷೆ ಎಲ್ಲವೂ ಆ ಒಂದು ನಿಮಿಷದೊಳಗೇ ಮುಗಿದುಹೋಗುತ್ತವೆ. ಇಂದು ಆಸ್ಕರ್ ಅಕಾಡೆಮಿಯು ಹೆಸರುಗಳ ಪಟ್ಟಿಯೂ ಸೇರಿ 40 ನಿಮಿಷ ಮೀರದ್ದನ್ನು ಕಿರುಚಿತ್ರ ಎನ್ನುತ್ತದೆ. ಗಡಿ ಎಲ್ಲಿಯೇ ಇರಲಿ, ಸಮಯ ಕಡಿಮೆಯಿರುವಾಗ ನಿರ್ದೇಶಕ ಏನನ್ನು ಬಿಡುತ್ತಾನೆ ಎನ್ನುವುದರ ಮೇಲೆ ಚಿತ್ರ ನಿಲ್ಲುತ್ತದೆ, ಮತ್ತು ಬಿಟ್ಟದ್ದನ್ನು ತುಂಬುವ ಕೆಲಸ ನೋಡುವವನ ಪಾಲಿಗೆ ಬರುತ್ತದೆ. ನಾನು ಕಲಿತದ್ದೇನಾದರೂ ಇದ್ದರೆ ಹಾಗೆ ತುಂಬುವಾಗಲೇ ಕಲಿತದ್ದು.

ನನ್ನ ಈ ವಾದಕ್ಕೆ ಅಡ್ಡ ಬರುವ ಚಿತ್ರವೂ ಒಂದಿದೆ, ಅದನ್ನು ಮುಚ್ಚಿಟ್ಟರೆ ಪ್ರಾಮಾಣಿಕತೆಯಾಗುವುದಿಲ್ಲ. ಇರಾನಿನ ಅಬ್ಬಾಸ್ ಕಿಯರೋಸ್ತಮಿ 1975ರಲ್ಲಿ ಮಾಡಿದ 'ಒಂದು ಸಮಸ್ಯೆಗೆ ಎರಡು ಪರಿಹಾರಗಳು' ಐದು ನಿಮಿಷವೂ ಇಲ್ಲದ ಚಿತ್ರ, ಮತ್ತು ಅದು ಯಾವ ಮುಚ್ಚುಮರೆಯೂ ಇಲ್ಲದೆ ಮಕ್ಕಳಿಗೆ ಪಾಠ ಹೇಳಲು ಹೊರಟದ್ದು. ಗೆಳೆಯನಿಂದ ತೆಗೆದುಕೊಂಡಿದ್ದ ಪುಸ್ತಕವನ್ನು ಒಬ್ಬ ಹುಡುಗ ಹರಿದ ಸ್ಥಿತಿಯಲ್ಲಿ ಹಿಂದಿರುಗಿಸುತ್ತಾನೆ. ಮೊದಲನೆಯ ಪರಿಹಾರ ಸೇರಿಗೆ ಸವ್ವಾಸೇರು: ಪುಸ್ತಕ ಕೊಟ್ಟಿದ್ದ ಗೆಳೆಯ ಈ ಹುಡುಗನ ಪುಸ್ತಕ ಹರಿಯುತ್ತಾನೆ, ಇವನು ಗೆಳೆಯನ ಇನ್ನೊಂದು ವಸ್ತುವನ್ನು ಹಾಳುಮಾಡುತ್ತಾನೆ, ಒಂದಾದ ಮೇಲೊಂದು ಸಾಮಾನು ಮುರಿಯುತ್ತ ಕೊನೆಗೆ ಇಬ್ಬರೂ ಕೈಕೈ ಮಿಲಾಯಿಸುತ್ತಾರೆ. ಎರಡನೆಯ ಪರಿಹಾರದಲ್ಲಿ ತಪ್ಪು ಮಾಡಿದವನು ಗೋಂದು ತಂದು ಹರಿದದ್ದನ್ನು ಅಂಟಿಸಿಕೊಡುತ್ತಾನೆ. ಮುಗಿಯಿತು.

ಇಷ್ಟು ನೇರವಾದ ಉಪದೇಶ ನನ್ನನ್ನು ಏಕೆ ಮುಟ್ಟಿತು ಎಂದು ಬಹಳ ಯೋಚಿಸಿದ್ದೇನೆ. ಚಿತ್ರವು ಯಾರನ್ನೂ ಬಯ್ಯುವುದಿಲ್ಲ, ಯಾರನ್ನೂ ಮುದ್ದಿಸುವುದಿಲ್ಲ. ಅಂಗಡಿಯವನು ಖಾತೆ ಬರೆಯುವ ಹಾಗೆ ನಷ್ಟದ ಲೆಕ್ಕವನ್ನು ನಿರ್ವಿಕಾರವಾಗಿ ತೋರಿಸುತ್ತದೆ. ಜಗಳದಲ್ಲಿ ನಾವು ಗೆದ್ದೆವೋ ಸೋತೆವೋ ಎಂದು ಎಣಿಸುತ್ತೇವೆಯೇ ಹೊರತು ಏನೇನು ಮುರಿಯಿತು ಎಂದು ಎಣಿಸುವುದಿಲ್ಲ. ಮನೆಯಲ್ಲಿ ಅಣ್ಣನ ಜೊತೆ ಒಂದು ಚಿಕ್ಕ ಮಾತಿನಿಂದ ಶುರುವಾಗಿ ಎರಡು ವರ್ಷ ಎಳೆದ ಮೌನವೊಂದರ ಖಾತೆಯನ್ನು ನಾನು ಆ ರಾತ್ರಿ ಮನಸ್ಸಿನಲ್ಲಿಯೇ ಬರೆದು ನೋಡಿದೆ. ಗೋಂದು ಯಾವ ಹಂತದಲ್ಲಿ ಬೇಕಾದರೂ ಕೈಗೆ ಸಿಗುತ್ತಿತ್ತು ಎಂಬುದೇ ಕಸಿವಿಸಿಯ ಸಂಗತಿಯಾಗಿತ್ತು.

ಕೆಲವು ಕಿರುಚಿತ್ರಗಳು ಕಲಿಸುವುದು ನೀತಿಯನ್ನಲ್ಲ, ನೋಡುವುದನ್ನು. ಕ್ರಿಸ್ ಮಾರ್ಕರ್ ಅವರ 'ಲಾ ಜೆತೆ' (1962) ಸುಮಾರು 28 ನಿಮಿಷ ಸ್ಥಿರಚಿತ್ರಗಳಲ್ಲಿಯೇ ಕಥೆ ಹೇಳುತ್ತದೆ. ನಡುವೆ ಒಂದೇ ಒಂದು ಕಡೆ, ಮಲಗಿರುವ ಹೆಣ್ಣು ಕಣ್ಣು ತೆರೆದು ನಮ್ಮತ್ತ ನೋಡುವಾಗ, ಚಿತ್ರ ಚಲಿಸುತ್ತದೆ. ದಿನವೂ ಸಾವಿರ ಸಲ ಕಾಣುವ ಕಣ್ಣರೆಪ್ಪೆಯ ಚಲನೆ ಆ ಹೊತ್ತಿನಲ್ಲಿ ಪವಾಡದಂತೆ ತೋರುತ್ತದೆ. ಬರ್ಟ್ ಹಾನ್‌ಸ್ಟ್ರಾ ಅವರ 'ಗ್ಲಾಸ್' (1958) ಎಂಬ ಡಚ್ ಸಾಕ್ಷ್ಯಚಿತ್ರದಲ್ಲಿ, ಕುತ್ತಿಗೆ ಮುರಿದ ಒಂದೇ ಒಂದು ಬಾಟಲಿ ಯಂತ್ರದ ಸಾಲಿನಲ್ಲಿ ಸಿಕ್ಕಿಕೊಂಡು, ಹಿಂದೆ ಬಂದ ಬಾಟಲಿಗಳೆಲ್ಲ ಉರುಳಿ ಒಡೆಯುತ್ತಿರುವಾಗ, ಮನುಷ್ಯನ ಕೈಯೊಂದು ಬಂದು ಅದನ್ನು ತೆಗೆಯುತ್ತದೆ. ನಿರೂಪಣೆಯ ಒಂದು ಮಾತೂ ಇಲ್ಲ. ಅದರ ಅರ್ಥವೇನು ಎಂದು ವಿವರಿಸಲು ಹೊರಟವರನ್ನೆಲ್ಲ ನಾನು ತಡೆದಿದ್ದೇನೆ.

ಇನ್ನು ನನ್ನದೇ ಅನುಭವ. ನಾವು ನಾಲ್ವರು ಗೆಳೆಯರು ಸೇರಿ ಒಮ್ಮೆ ಕಿರುಚಿತ್ರ ಮಾಡಿದ್ದೆವು. ಮಗನ ಕರೆಗಾಗಿ ಕಾಯುವ ಮುದುಕನ ಕಥೆ. ಹೌದು, ನಾನು ಮೇಲೆ ಗೇಲಿ ಮಾಡಿದ ಅದೇ ಅಚ್ಚು. ದೃಶ್ಯಗಳನ್ನು ಒರಟಾಗಿ ಜೋಡಿಸಿದ ಮೊದಲ ರೂಪ, ಅಂದರೆ ರಫ್ ಕಟ್, 22 ನಿಮಿಷವಿತ್ತು, ಕೊನೆಯಲ್ಲಿ ನಾನೇ ಬರೆದ ಎರಡು ಸಾಲಿನ ಉಪದೇಶವೂ ಇತ್ತು. ಸಂಕಲನ ಮಾಡುತ್ತಿದ್ದ ಗೆಳತಿ ಒಂದು ಮಾತೂ ಆಡದೆ ಅದನ್ನು ಒಂಬತ್ತು ನಿಮಿಷಕ್ಕೆ ಇಳಿಸಿದಳು. ನನ್ನ ಎರಡು ಸಾಲುಗಳು ಹೋದವು, ಮುದುಕ ಹಳೆಯ ಫೋಟೊ ನೋಡುತ್ತ ಅಳುವ ದೃಶ್ಯವೂ ಹೋಯಿತು. ಬೆಳಕು ಹೊಂದಿಸುವಾಗ ಸುಮ್ಮನೆ ಚಾಲೂ ಇದ್ದ ಕ್ಯಾಮೆರಾದಲ್ಲಿ ಸೆರೆಯಾಗಿದ್ದ ಒಂದು ಶಾಟ್ ಕೊನೆಗೆ ಬಂತು: ಮುದುಕ ಫೋನನ್ನು ಮೇಜಿನ ಮೇಲೆ ಇಡುತ್ತಾನೆ, ಮತ್ತೆ ಎತ್ತಿಕೊಳ್ಳುತ್ತಾನೆ, ರಿಂಗಿನ ಶಬ್ದ ಜೋರಾಗಿದೆಯೇ ಎಂದು ಗುಂಡಿ ಒತ್ತಿ ಪರೀಕ್ಷಿಸಿ, ಪರದೆ ಮೇಲ್ಮುಖವಾಗಿರುವಂತೆ ಇಟ್ಟು, ಅದು ಮೇಜಿನ ಅಂಚಿಗೆ ನೇರವಾಗಿರುವಂತೆ ಬೆರಳಿನಿಂದ ಸರಿಸುತ್ತಾನೆ. ನಟನಿಗೆ ತಾನು ಚಿತ್ರೀಕರಣಗೊಳ್ಳುತ್ತಿದ್ದೇನೆ ಎಂಬ ಅರಿವೇ ಇರಲಿಲ್ಲ, ತನ್ನದೇ ಫೋನನ್ನು ಇಡುತ್ತಿದ್ದ.

ನಾನು ಆ ದಿನ ಜಗಳವಾಡಿದೆ. ನನ್ನ ಸಾಲುಗಳಿಲ್ಲದೆ ಜನರಿಗೆ ಅರ್ಥವಾಗುವುದಿಲ್ಲ ಎಂದು ವಾದಿಸಿದೆ. ಕೋಣೆಯೊಂದರಲ್ಲಿ ಹತ್ತು ಹನ್ನೆರಡು ಜನರಿಗೆ ತೋರಿಸಿದಾಗ, ಆ ಶಾಟ್ ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಹಿಂದಿನ ಸಾಲಿನಲ್ಲಿದ್ದ ಒಬ್ಬರು ಎದ್ದು ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದರು. ನನ್ನ ಅಮ್ಮ ಮಾತ್ರ ಚಿತ್ರ ನೋಡಿ ಒಂದೇ ಪ್ರಶ್ನೆ ಕೇಳಿದರು: "ಅದಕ್ಕೆ ಚಾರ್ಜ್ ಇತ್ತೇನೋ?" ನಾವು ನಕ್ಕೆವು. ಆಮೇಲೆ ನನಗೆ ಹೊಳೆದದ್ದು, ಮುದುಕನನ್ನು ಕಂಡು ಮರುಗುವುದಕ್ಕಿಂತ ಮೊದಲು ಅವರು ಅವನ ಜಾಗದಲ್ಲಿ ಕುಳಿತು, ಕರೆ ಬಾರದಿರಲು ಮಗನ ತಪ್ಪಲ್ಲದ ಒಂದು ಕಾರಣವನ್ನು ಹುಡುಕಿದ್ದರು. ಅಂಥ ಪಾಠ ನಮ್ಮ ಚಿತ್ರಕಥೆಯ ಯಾವ ಪುಟದಲ್ಲಿಯೂ ಇರಲಿಲ್ಲ.

ಎಲ್ಲಿಂದ ಶುರುಮಾಡಬೇಕು ಎಂದು ಕೇಳುವುದಾದರೆ, ಕಿಯರೋಸ್ತಮಿಯವರ ಮೊಟ್ಟಮೊದಲ ಚಿತ್ರವಾದ, ಸುಮಾರು ಹತ್ತು ನಿಮಿಷದ 'ರೊಟ್ಟಿ ಮತ್ತು ಓಣಿ' (1970) ನೋಡಿ. ರೊಟ್ಟಿ ತೆಗೆದುಕೊಂಡು ಡಬ್ಬವೊಂದನ್ನು ಒದೆಯುತ್ತ ಮನೆಗೆ ಹೊರಟ ಹುಡುಗನನ್ನು ಓಣಿಯಲ್ಲಿ ನಾಯಿಯೊಂದು ಬೊಗಳಿ ತಡೆಯುತ್ತದೆ. ಅವನು ಕಾಯುತ್ತಾನೆ, ದಾರಿಯಲ್ಲಿ ಬಂದ ಮುದುಕನ ಬೆನ್ನ ಹಿಂದೆ ಅಡಗಿ ನಡೆಯಲು ನೋಡುತ್ತಾನೆ, ಮುದುಕ ಬೇರೆ ದಾರಿಗೆ ತಿರುಗಿಬಿಡುತ್ತಾನೆ. ಕೊನೆಗೆ ರೊಟ್ಟಿಯ ಚೂರೊಂದನ್ನು ಎಸೆಯುತ್ತಾನೆ. ನಾಯಿ ತಿಂದು, ಬಾಲ ಅಲ್ಲಾಡಿಸುತ್ತ ಅವನ ಜೊತೆಯಲ್ಲಿಯೇ ಮನೆಯ ತನಕ ಬರುತ್ತದೆ. ನಾಯಿಯನ್ನೂ ಹುಡುಗನನ್ನೂ ಬೇರೆ ಬೇರೆಯಾಗಿ ಚಿತ್ರಿಸಿ ಜೋಡಿಸೋಣ ಎಂದು ಛಾಯಾಗ್ರಾಹಕರು ಹೇಳಿದರೂ ಕಿಯರೋಸ್ತಮಿ ಒಪ್ಪದೆ, ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಇರಲೇಬೇಕೆಂದು ಪಟ್ಟು ಹಿಡಿದಿದ್ದರು. ಹುಡುಗನ ಭಯ ನಿಜವೆನಿಸುವುದು ಆ ಪಟ್ಟಿನಿಂದಲೇ.

ಸಾಮಾನ್ಯ ನಿರ್ದೇಶಕನಾಗಿದ್ದರೆ ಚಿತ್ರವನ್ನು ಅಲ್ಲಿಗೇ ಮುಗಿಸುತ್ತಿದ್ದ, ಪ್ರೀತಿಯಿಂದ ಎಲ್ಲರನ್ನೂ ಗೆಲ್ಲಬಹುದು ಎಂದು ನಾವೂ ಸಂತೋಷವಾಗಿ ಎದ್ದು ಹೋಗುತ್ತಿದ್ದೆವು. ಇಲ್ಲಿ ಹುಡುಗ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ, ನಾಯಿ ಹೊರಗೆ ಹೊಸಿಲ ಬಳಿ ಮಲಗುತ್ತದೆ. ಅಷ್ಟರಲ್ಲಿ ಓಣಿಯಲ್ಲಿ ಇನ್ನೊಬ್ಬ ಹುಡುಗ ಬರುತ್ತಾನೆ, ನಾಯಿ ಎದ್ದು ಅವನತ್ತ ಬೊಗಳುತ್ತದೆ. ಅವನ ಕೈಯಲ್ಲಿ ರೊಟ್ಟಿಯಿಲ್ಲ.