ಹುಳದ ಪ್ರೋಟೀನ್‌ನಿಂದ ಗಾಯ ವಾಸಿ ಮಾಡೋ ಪಿಎಚ್‌ಡಿ: ಗ್ರ್ಯಾನುಲಿನ್ ತಗೊಳ್ಳಲಾ, ಟಿಜಿಎಂ ತಗೊಳ್ಳಲಾ?

ಎರಡೂ ಪರಾವಲಂಬಿ ಹುಳ ಬಿಡೋ ಪ್ರೋಟೀನೇ, ಯಾವುದರ ಮೇಲೆ ಪಿಎಚ್‌ಡಿ ಮಾಡಲಿ ಅಂತ ಕೇಳಿದ್ದೀರಿ. ನಾನೂ ಸೇರಿದಾಗ ಇದೇ ಲೆಕ್ಕಾಚಾರದಲ್ಲಿದ್ದೆ, ಕೊನೆಗೆ ಗ್ರ್ಯಾನುಲಿನ್ ಹಿಡ್ಕೊಂಡೆ. ಥಾಯ್ಲೆಂಡ್, ಲಾವೋಸ್ ಕಡೆ ಹಸಿ ಮೀನು ತಿನ್ನೋರ ಪಿತ್ತನಾಳ ಸೇರ್ಕೊಳೋ ಲಿವರ್ ಫ್ಲೂಕ್ ಅನ್ನೋ ಹುಳ ಬಿಡೋ ಪ್ರೋಟೀನ್ ಅದು. ಹುಳ ಒಳಗೆ ಕಚ್ಚಿ ಗಾಯಾನೂ ಮಾಡುತ್ತೆ, ಜೀವಕೋಶ ಬೆಳೆಸೋದನ್ನೂ ತಾನೇ ಬಿಡುತ್ತೆ. ಆಸ್ಟ್ರೇಲಿಯಾದ ಜೇಮ್ಸ್ ಕುಕ್ ಯೂನಿವರ್ಸಿಟಿಯೋರು ಇದರಿಂದ ಇಲಿ ಗಾಯ ಬೇಗ ಮುಚ್ಚುತ್ತೆ ಅಂತ 2015ರಲ್ಲಿ ತೋರಿಸಿದ್ರು, ಅದನ್ನ ಓದಿ ನಾನು ಫುಲ್ ಫಿದಾ. ಒಂದೊಂದು ಗ್ರ್ಯಾನುಲಿನ್‌ನಲ್ಲಿ ಸಿಸ್ಟೀನ್ ಅನ್ನೋ ಅಮೈನೋ ಆಮ್ಲ 12 ಇರುತ್ತೆ, ಅವು ಸರಿಯಾದ ಜೋಡಿಯಾಗಿ ಕೂಡ್ಕೊಬೇಕು, ಹಾಗೆ ಪ್ರೋಟೀನನ್ನ ಮಡಚಿಸೋದ್ರಲ್ಲೇ ಅರ್ಧ ಆಯಸ್ಸು ಹೋಯ್ತು, ಅದು ಬಿಡಿ.

ನನ್ನನ್ನ ಮುಳುಗಿಸಿದ್ದು ಪ್ರೋಟೀನ್ ಅಲ್ಲ, ಇಲಿ. ಬೆನ್ನ ಮೇಲೆ ಪಂಚ್ ಅಂತ ಚರ್ಮ ಗುಂಡಗೆ ಕತ್ತರಿಸೋ ಉಪಕರಣದಿಂದ ಗಾಯ ಮಾಡೋದು, ಪ್ರೋಟೀನ್ ಹಚ್ಚೋದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ಏರಿಯಾ ಅಳೆಯೋದು, ನಾನು ಮಾಡಿದ್ದು ಇಷ್ಟೇ. ಗ್ರಾಫ್ ಮಾತ್ರ ಸಖತ್ತಾಗಿ ಬಂತು. ಆದ್ರೆ ಇಲಿ ಚರ್ಮದ ಕೆಳಗೆ ಒಂದು ತೆಳು ಸ್ನಾಯು ಪದರ ಇರುತ್ತೆ, ಹಸು ನೊಣ ಓಡಿಸೋಕೆ ಮೈ ಚರ್ಮ ಅದುರಿಸುತ್ತಲ್ಲ, ಅದೇ ಸ್ನಾಯು. ನಮಗೆ ಅದು ಬಹುತೇಕ ಇಲ್ಲ. ಹಾಗಾಗಿ ಇಲಿ ಗಾಯ ಹೆಚ್ಚಾಗಿ ಅಂಚು ಎಳ್ಕೊಂಡು ಮುಚ್ಚುತ್ತೆ, ನಮ್ದು ತಳದಿಂದ ಹೊಸ ಮಾಂಸ ತುಂಬಿ ಮೇಲೆ ಚರ್ಮ ಹರಡ್ಕೊಂಡು ಮಾಯುತ್ತೆ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತೆ! ಅಂಚು ಎಳ್ಕೊಳ್ಳೋದನ್ನ ತಡೆಯೋಕೆ ಗಾಯದ ಸುತ್ತ ಸಿಲಿಕೋನ್ ರಿಂಗ್ ಅಂಟಿಸಿ ಹೊಲಿಗೆ ಹಾಕ್ತಾರೆ, ನಾನು ಹಾಕಿರ್ಲಿಲ್ಲ. ಹೋಗ್ಲಿ, ಅಂಗಾಂಶನಾದ್ರೂ ಕೆಡದ ಹಾಗೆ ಫಾರ್ಮಲಿನ್‌ನಲ್ಲಿ ಇಟ್ಟಿದ್ರೆ ಸೆಕ್ಷನ್, ಅಂದ್ರೆ ತೆಳು ಪದರ, ಕತ್ತರಿಸಿ ಮೈಕ್ರೋಸ್ಕೋಪ್‌ನಲ್ಲಿ ಹೊಸ ಚರ್ಮ ಎಷ್ಟು ಬೆಳೆದಿದೆ ಅಂತ ನೋಡಬಹುದಿತ್ತು, ಅದನ್ನೂ ಎಸೆದಿದ್ದೆ. ಪೇಪರ್ ಕಳಿಸಿದಾಗ ಅದನ್ನ ಪರಿಶೀಲಿಸಿದ ರಿವ್ಯೂವರ್ ಕೇಳಿದ್ದು ಒಂದೇ ಸಾಲು, ಇದು ಎಳೆತವೋ ಬೆಳವಣಿಗೆಯೋ ಅಂತ. ಉತ್ತರ ಕೊಡೋಕೆ ಎಲ್ಲಾ ಮೊದಲಿಂದ ಮಾಡ್ಬೇಕು, ಎಥಿಕ್ಸ್ ಕಮಿಟಿಯಿಂದ ಮತ್ತೆ ಇಲಿಗೆ ಪರ್ಮಿಷನ್ ತಗೋಬೇಕು, ಅಷ್ಟೊತ್ತಿಗೆ ಫೆಲೋಶಿಪ್ ಖಾಲಿ.

ಅದಕ್ಕೇ ನಿಮ್ಮ ಪ್ರಶ್ನೆನೇ ತಪ್ಪು ಅಂತೀನಿ, ಬೇಜಾರ್ ಮಾಡ್ಕೋಬೇಡಿ. ಯಾವ ಹುಳ ಅನ್ನೋದು ಆಮೇಲೆ, ಆ ಲ್ಯಾಬ್‌ನಲ್ಲಿ ಗಾಯ ಅಳೆಯೋಕೆ ಬರುತ್ತಾ ಅನ್ನೋದು ಮೊದಲು. ಇಲ್ಲ, ಒಂದು ಹೇಳಲೇಬೇಕು ಅಂದ್ರೆ ನನ್ನ ವೋಟು ಟಿಜಿಎಂಗೆ. ಇಲಿ ಕರುಳಿನ ಹುಳದ್ದು, ನೋಡೋಕೆ ನಮ್ಮ ದೇಹದ ಟಿಜಿಎಫ್-ಬೀಟಾ ಅನ್ನೋ ಸಂಕೇತ ಪ್ರೋಟೀನ್ ಥರ ಒಂಚೂರೂ ಇಲ್ಲ, ಆದ್ರೂ ಜೀವಕೋಶದ ಮೇಲೆ ಅದು ಕೂರೋ ಜಾಗಕ್ಕೇ, ಅದರ ರಿಸೆಪ್ಟರ್‌ಗೇ, ಹೋಗಿ ಕೂರುತ್ತೆ. ಟಿಜಿಎಫ್-ಬೀಟಾ ಜಾಸ್ತಿಯಾದ್ರೆ ಗಾಯದ ಕಲೆ ದಪ್ಪಗಾಗುತ್ತೆ ಅಂತ ಎಲ್ರಿಗೂ ಗೊತ್ತು, ಆದ್ರೆ ಟಿಜಿಎಂ ಹಚ್ಚಿದ ಇಲಿಗಳಲ್ಲಿ ಕಲೆ ಕಮ್ಮಿಯಾಗಿ ಕೂದಲ ಬುಡಾನೂ ವಾಪಸ್ ಬಂತು ಅಂತಾರೆ ಅಮೆರಿಕದ ರಟ್ಗರ್ಸ್ ಯೂನಿವರ್ಸಿಟಿಯವರು. ಇದ್ಯಾಕೆ ಹೀಗೆ ಅನ್ನೋದೇ ಒಂದು ಥೀಸಿಸ್‌ಗೆ ಸಾಕು. ಗ್ರ್ಯಾನುಲಿನ್ ವಿಷಯದಲ್ಲಿ ಇನ್ನೊಂದು ಭಯ, ಆ ಫ್ಲೂಕ್ ಪಿತ್ತನಾಳದ ಕ್ಯಾನ್ಸರ್ ತರುತ್ತೆ, ಈ ಪ್ರೋಟೀನ್ ಮೇಲೂ ಆ ಅನುಮಾನ ಇದೆ. ತಿಂಗಳುಗಟ್ಟಲೆ ಮಾಯದ ಶುಗರ್ ಪೇಷಂಟ್ ಕಾಲಿನ ಹುಣ್ಣಿಗೆ ದಿನಾ ಹಚ್ಚಿ ಅಂತ ಯಾವ ಧೈರ್ಯದ ಮೇಲೆ ಹೇಳ್ತೀರ?

ಸೇರೋ ಮುಂಚೆ ಗೈಡ್‌ನ ನೇರವಾಗಿ ಕೇಳಿ, ರಿಂಗ್ ಹಾಕ್ತೀರಾ, ಸೆಕ್ಷನ್ ನೋಡ್ತೀರಾ ಅಂತ. ಫೋಟೋ ಸಾಕು ಬಿಡಮ್ಮ ಅಂದ್ರೆ ಬೇರೆ ಲ್ಯಾಬ್ ನೋಡ್ಕೊಳ್ಳಿ.