ಡಬ್ಲಿನ್ನಿನಿಂದ ಪ್ಯಾರಿಸ್‌ಗೆ ವೀಸಾ ಬೇಕೇ?

ಮುಂದಿನ ತಿಂಗಳು ಡಬ್ಲಿನ್ನಿಗೆ ಬರುತ್ತಿದ್ದೀರಿ. ಇಲ್ಲಿನ ವೀಸಾದಲ್ಲೇ ಪ್ಯಾರಿಸ್‌ಗೂ ಹೋಗಿಬರಬಹುದೇ, ಬ್ರಸೆಲ್ಸ್ ಕುರಿತ, ಅಂದರೆ ಐರೋಪ್ಯ ಒಕ್ಕೂಟದ ಮಾತು ಐರ್ಲೆಂಡಿನಲ್ಲಿ ಎಷ್ಟು ನಡೆಯಬೇಕು ಎಂಬ ಜಗಳ ನಮ್ಮಂಥವರಿಗೂ ತಾಗುತ್ತದೆಯೇ ಎಂದು ಕೇಳಿದ್ದೀರಿ. ನನಗೆ ಇವೆರಡೂ ಒಂದೇ ಪ್ರಶ್ನೆಯಂತೆ ಕಾಣುತ್ತವೆ: ಐರ್ಲೆಂಡ್ ಒಕ್ಕೂಟದೊಳಗೆ ಎಷ್ಟಿದೆ, ಹೊರಗೆ ಎಷ್ಟಿದೆ?

ಪ್ಯಾರಿಸ್‌ಗೆ ಬೇರೆ ವೀಸಾ ಬೇಕು. ಐರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿದೆ, ಯೂರೋ ಬಳಸುತ್ತದೆ, ಆದರೆ ಒಂದೇ ವೀಸಾದಲ್ಲಿ, ಗಡಿ ತಪಾಸಣೆಯಿಲ್ಲದೆ ಓಡಾಡಬಹುದಾದ ದೇಶಗಳ ಷೆಂಗೆನ್ ಕೂಟಕ್ಕೆ ಸೇರಿಲ್ಲ. ಸೇರಿದರೆ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಗಡಿಯಲ್ಲಿ ತಪಾಸಣೆ ಶುರುಮಾಡಬೇಕಾಗುತ್ತದೆ. ಆ ಗಡಿಯಲ್ಲಿ ಮತ್ತೆ ಕಾವಲು ಚೌಕಿ ಏಳುವುದು ಇಲ್ಲಿನವರಿಗೆ ಬೇಡವೇ ಬೇಡ. ಬೆಲ್‌ಫಾಸ್ಟ್ ಬಸ್ಸಿನಲ್ಲಿ ಕುಳಿತರೆ ನ್ಯೂರಿಯ ಹತ್ತಿರ ದೇಶ ಬದಲಾದದ್ದು ಗೊತ್ತಾಗುವುದು ವೇಗದ ಫಲಕದಿಂದ. ಕಿಲೋಮೀಟರ್ ಹೋಗಿ ಮೈಲಿ ಬಂದಿರುತ್ತದೆ. ನಮ್ಮ ಅತ್ತಿಬೆಲೆ ದಾಟಿದರೆ ಲಿಪಿಯಾದರೂ ಬದಲಾಗುತ್ತದೆ! ಆದರೆ ಗೇಟಿಲ್ಲವೆಂದು ಮೋಸಹೋಗಬೇಡಿ. ನಿಮ್ಮಂತೆ ಕೆಲಸಕ್ಕೆ ಬರುವ, ಭಾರತದ ಪಾಸ್‌ಪೋರ್ಟ್ ಇರುವವರಿಗೆ ಆ ಕಡೆ ಕಾಲಿಡಲು ಬ್ರಿಟನ್ನಿನ ವೀಸಾ ಬೇಕು. ಒಮ್ಮೊಮ್ಮೆ ಬಸ್ ಹತ್ತಿ ಕಾಗದ ಕೇಳುವುದೂ ಉಂಟು.

ನಾನು ಬಂದದ್ದು 2007ರಲ್ಲಿ. ಮರುವರ್ಷ ಬೇಸಿಗೆಯಲ್ಲಿ ನಮ್ಮ ಬೀದಿಯ ದೀಪದ ಕಂಬಗಳ ತುಂಬ ಲಿಸ್ಬನ್ ಒಪ್ಪಂದದ ‘ಹೌದು’, ‘ಬೇಡ’ ಫಲಕಗಳು. ಒಕ್ಕೂಟದ ಆಡಳಿತದ ನಿಯಮಗಳನ್ನು ಬದಲಿಸುವ ಒಪ್ಪಂದ ಅದು. ಬೇರೆ ದೇಶಗಳೆಲ್ಲ ಸಂಸತ್ತಿನಲ್ಲೇ ಮುಗಿಸಿದ್ದನ್ನು ಇಲ್ಲಿ ಮಾತ್ರ ಜನರ ಮುಂದಿಟ್ಟರು. ಅದಕ್ಕೆ ಕಾರಣ, ರೈತರೂ ಅರ್ಥಶಾಸ್ತ್ರಜ್ಞರೂ ಆಗಿದ್ದ ರೇಮಂಡ್ ಕ್ರಾಟಿ ಹೂಡಿದ್ದ ಮೊಕದ್ದಮೆ. ದೇಶದ ಸಾರ್ವಭೌಮತ್ವವನ್ನು ಮುಟ್ಟುವ ಇಂಥ ಒಪ್ಪಂದಕ್ಕೆ ಸಂವಿಧಾನ ತಿದ್ದಬೇಕು, ಅಂದರೆ ಜನಮತಗಣನೆ ಆಗಬೇಕು ಎಂದು 1987ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. 2008ರಲ್ಲಿ ಶೇ. 53ರಷ್ಟು ಮಂದಿ ಬೇಡ ಎಂದರು. ತೆರಿಗೆಗೆ, ಸೇನಾ ತಟಸ್ಥತೆಗೆ ಧಕ್ಕೆಯಿಲ್ಲ ಎಂಬ ಭರವಸೆ ಪಡೆದು ಮರುವರ್ಷ ಮತ್ತೆ ಕೇಳಿದಾಗ ಶೇ. 67ರಷ್ಟು ಮಂದಿ ಹೌದು ಎಂದರು.

ಪಕ್ಕದ ಮನೆಯ ಅಜ್ಜ ಎರಡು ಸಲವೂ ‘ಬೇಡ’ಕ್ಕೇ ಹಾಕಿದವರು. “ಪಾಸಾಗುವ ತನಕ ಪರೀಕ್ಷೆ ಬರೆಸುತ್ತಾರೆ” ಎಂದು ಬೇಲಿಗೆ ಮೊಣಕೈ ಊರಿ ಈಗಲೂ ಗೊಣಗುತ್ತಾರೆ. ಹಾಗಾದರೆ ಬ್ರಿಟನ್ನಿನಂತೆ ಹೊರಗೆ ಬರುವುದೇ ಒಳ್ಳೆಯದಲ್ಲವೇ ಎಂದೆ ಒಮ್ಮೆ. ನನಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದರು. ದನ ಸಾಕುವ ಅವರ ತಮ್ಮನಿಗೆ ವರ್ಷವರ್ಷವೂ ಒಕ್ಕೂಟದ ಸಹಾಯಧನ ಬರುತ್ತದೆ. ಬೈಯುವುದು ಮನೆಯವರ ಹಕ್ಕು, ನೀವು ಹೊಸಬರು ದನಿಗೂಡಿಸಲು ಹೋಗಬೇಡಿ.

ಜಗಳದ ಬಿಸಿ ನಿಮಗೆ ತಾಗುವುದು ಮೊದಲ ಸಂಬಳದ ಚೀಟಿಯಲ್ಲಿ. ಅದರಲ್ಲಿ ಯುಎಸ್‌ಸಿ (ಯೂನಿವರ್ಸಲ್ ಸೋಷಿಯಲ್ ಚಾರ್ಜ್) ಎಂಬ ಕಡಿತವಿರುತ್ತದೆ. ಬ್ಯಾಂಕುಗಳು ಮುಳುಗಿ, 2010ರ ಕೊನೆಗೆ ಸರ್ಕಾರ ಒಕ್ಕೂಟ ಮತ್ತು ಐಎಂಎಫ್ ಜೊತೆ 8,500 ಕೋಟಿ ಯೂರೋಗಳ ನೆರವಿನ ಯೋಜನೆಗೆ ಸಹಿ ಹಾಕಿದ ಬೆನ್ನಿಗೇ ಬಂದ ತೆರಿಗೆ ಅದು. ಬಜೆಟ್ ಬರೆಯುವವರು ನಾವೋ, ಸಾಲ ಕೊಟ್ಟವರೋ ಎಂದು ಆಗ ಬಸ್ಸಿನಲ್ಲೂ ವಾದ ನಡೆಯುತ್ತಿತ್ತು. ನೆರವಿನ ಅವಧಿ 2013ರಲ್ಲಿ ಮುಗಿಯಿತು, ಕಡಿತ ಉಳಿದುಕೊಂಡಿತು.

ಜನಮತಗಣನೆಯಲ್ಲಿ ಮತ ಹಾಕಲು ಪೌರತ್ವ ಬೇಕು. ಸ್ಥಳೀಯ ಚುನಾವಣೆಗೆ ಬೇಡ, ಇಲ್ಲಿ ವಾಸವಿದ್ದರೆ ಸಾಕು. ಮನೆ ಸಿಕ್ಕ ಕೂಡಲೇ ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಪ್ಯಾರಿಸ್ ವೀಸಾದ ಅರ್ಜಿಯನ್ನು ಐಆರ್‌ಪಿ, ಅಂದರೆ ಇಲ್ಲಿನ ವಾಸದ ಪರವಾನಗಿ ಕಾರ್ಡ್ ಕೈಗೆ ಬಂದ ಮೇಲೆ ಹಾಕಿ.