ಅಲೆ ಇಲ್ಲದ ಜಾಗವೇ ಅಪಾಯದ್ದು

ಪ್ರಶ್ನೆ: ನನಗೆ 38 ವರ್ಷ, ಊರು ದಾವಣಗೆರೆ. ಈಜುಕೊಳದಲ್ಲಿ ಚೆನ್ನಾಗಿಯೇ ಈಜುತ್ತೇನೆ, ಆದರೆ ಕಡಲಲ್ಲಿ ಮೊಣಕಾಲುದ್ದ ನೀರು ದಾಟಿದವಳಲ್ಲ. ನಾನೂ 12 ವರ್ಷದ ಮಗಳೂ ಸರ್ಫಿಂಗ್ ಕಲಿಯಬೇಕೆಂದಿದ್ದೇವೆ. ಜೂನ್ ಎರಡನೇ ವಾರ ನನಗೆ ರಜೆ. ಮೂಲ್ಕಿಗೆ ಹೋಗಬಹುದೇ? ಆನ್‌ಲೈನ್‌ನಲ್ಲಿ 6 ಅಡಿಯ ಬೋರ್ಡ್ ಒಂದನ್ನು ನೋಡಿಟ್ಟಿದ್ದೇನೆ, ಕೊಳ್ಳಲೇ?

ಉತ್ತರ: ಮೂಲ್ಕಿ ಸರಿ, ಜೂನ್ ಬೇಡ. ಜೂನ್ 1ರಿಂದ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ ನಿಷೇಧ ಮೀನಿನ ಸಂತಾನಕ್ಕಾಗಿ, ನಿಜ. ಆದರೂ ಆ ದಿನಗಳ ಕಡಲನ್ನು ಒಮ್ಮೆ ನೋಡಿದರೆ ನಿಮಗೇ ಹಿಂದೆ ಸರಿಯಬೇಕು ಅನಿಸುತ್ತದೆ. 2016ರಲ್ಲಿ ಮೂಲ್ಕಿ ಹತ್ತಿರದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದದ್ದು ಮೇ ಕೊನೆಯಲ್ಲಲ್ಲವೇ ಎಂದು ಕೇಳಬಹುದು. ಸ್ಪರ್ಧಿಗಳಿಗೆ ಬೇಕಾದ ಅಲೆ ಬೇರೆ, ನಿಮಗೆ ಬೇಕಾದದ್ದು ಬೇರೆ. ಮಳೆ ತಗ್ಗಿದ ಮೇಲೆ, ನವೆಂಬರ್‌ನಿಂದ ಫೆಬ್ರವರಿಯೊಳಗೆ ಬನ್ನಿ.

ಬೋರ್ಡ್ ಈಗಲೇ ಕೊಳ್ಳಬೇಡಿ. 6 ಅಡಿಯ ಗಟ್ಟಿ ಬೋರ್ಡ್ ಹೊಸಬರನ್ನು ತೇಲಿಸುವುದಕ್ಕಿಂತ ಬೀಳಿಸುವುದೇ ಹೆಚ್ಚು, ಮೇಲೆ ಬಂದು ಬಡಿದರೆ ಹೊಲಿಗೆಯೇ ಗತಿ. ಮೇಲ್ಮೈ ಮೆತ್ತಗಿರುವ ಫೋಮ್ ಬೋರ್ಡನ್ನು ಕಲಿಸುವವರೇ ಕೊಡುತ್ತಾರೆ. ನಿಮಗೆ 8–9 ಅಡಿಯದು, ಮಗಳಿಗೆ ಸ್ವಲ್ಪ ಚಿಕ್ಕದು.

ಇನ್ನು ನೀವು ಕೇಳದೇ ಇದ್ದರೂ ನಾನು ಹೇಳಲೇಬೇಕಾದ ವಿಷಯ. ನೀರಿಗಿಳಿಯುವ ಮುಂಚೆ ಮರಳ ಮೇಲೆ ಕಾಲು ಗಂಟೆ ಸುಮ್ಮನೆ ಕೂತು ನೋಡಿ. ಆಚೆ ಈಚೆ ಅಲೆಗಳು ನೊರೆಯೆದ್ದು ಒಡೆಯುತ್ತಿರುತ್ತವೆ. ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಏಳುತ್ತಿಲ್ಲ, ನೀರು ತುಸು ಕಪ್ಪಾಗಿದೆ, ನೊರೆಯ ಚೂರುಗಳು ದಡಕ್ಕೆ ಬರುವ ಬದಲು ಕಡಲ ಕಡೆಗೆ ಜಾರುತ್ತಿವೆ. 'ಇಲ್ಲಿ ಶಾಂತವಾಗಿದೆ, ಇಲ್ಲೇ ಇಳಿಯೋಣ' ಅಂತ ಹೊಸಬರಿಗೆ ಅನಿಸುವುದು ಸರಿಯಾಗಿ ಅಲ್ಲೇ. ದಡಕ್ಕೆ ಬಂದ ನೀರು ವಾಪಸು ಹೋಗುವ ದಾರಿ ಅದು. ತಳ ಆಳವಿರುವುದರಿಂದ ಅಲೆ ಒಡೆಯುವುದಿಲ್ಲ, ಅಷ್ಟೆ. ಹೊಳೆ ಕಡಲು ಸೇರುವ ಅಳಿವೆ ಬಾಗಿಲಂತೂ ಬೇಡವೇ ಬೇಡ. ಇಳಿತದ ಹೊತ್ತಿಗೆ ಹೊಳೆಯ ನೀರೂ ಸೇರಿಕೊಂಡು ಎಳೆಯುತ್ತದೆ.

ಹೀಗೆ ಕಡಲ ಕಡೆಗೆ ಹರಿಯುವ ಸೆಳೆತವನ್ನು ಜನ 'ಸುಳಿ' ಅನ್ನುತ್ತಾರೆ. ಆ ಹೆಸರೇ ಅರ್ಧ ಗಾಬರಿ ಹುಟ್ಟಿಸುತ್ತದೆ. ಇದು ನಿಮ್ಮನ್ನು ಕೆಳಕ್ಕೆಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ಸುಸ್ತಾಗಬೇಡಿ. ಬೋರ್ಡ್ ಬಿಡಬೇಡಿ, ಅದು ತೇಲುತ್ತದೆ. ಅದರ ಮೇಲೆ ಮಲಗಿ ಕೈ ಎತ್ತಿ ಬೀಸಿ. ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ ಕೈಹುಟ್ಟು ಹಾಕುತ್ತಾ, ನೊರೆಯಿರುವ ಕಡೆಗೆ ಸರಿಯಿರಿ. ಅಲ್ಲಿಂದ ಅಲೆಗಳೇ ನಿಮ್ಮನ್ನು ದಡಕ್ಕೆ ತಳ್ಳುತ್ತವೆ.

ಮೊದಲ ದಿನಗಳಲ್ಲಿ ಸೊಂಟದ ನೀರು ದಾಟಬೇಡಿ. ಒಡೆದು ಬರುವ ನೊರೆಯಲೆಯೇ ಸಾಕು. ಬೋರ್ಡನ್ನು ನಿಮಗೂ ಅಲೆಗೂ ನಡುವೆ ಅಡ್ಡ ಹಿಡಿಯಬೇಡಿ, ಅಲೆ ಅದನ್ನೆತ್ತಿ ನಿಮ್ಮ ಮುಖಕ್ಕೇ ಹೊಡೆಯುತ್ತದೆ. ಬೀಳುವಾಗ ತಲೆ ಮುಂದಾಗಿ ಹಾರದೆ ಪಕ್ಕಕ್ಕೆ ಅಥವಾ ಬೆನ್ನಮೇಲಾಗಿ ಬೀಳಿ, ಏಕೆಂದರೆ ಕೆಳಗೆ ಮೂರೇ ಅಡಿ ನೀರಿರುತ್ತದೆ. ಮೇಲೆ ಬರುವಾಗ ಎರಡೂ ತೋಳು ತಲೆಯ ಸುತ್ತ ಇರಲಿ. ಲೀಶ್, ಅಂದರೆ ಬೋರ್ಡಿನ ಹಗ್ಗ, ಕಾಲಿಗೆ ಕಟ್ಟಿದ್ದರೆ ಬೋರ್ಡ್ ಅಲ್ಲೇ ಹತ್ತಿರ ಎಲ್ಲೋ ಇರುತ್ತದೆ, ನಿಮ್ಮ ನೆತ್ತಿಯ ಮೇಲೂ ಇರಬಹುದು. ಬೋರ್ಡ್ ಮೇಲೆ ಮಲಗಿದಲ್ಲಿಂದ ಎದ್ದು ನಿಲ್ಲುವುದನ್ನು ಮನೆಯ ಚಾಪೆಯ ಮೇಲೆ ದಿನಕ್ಕೆ ಇಪ್ಪತ್ತು ಸಲ ಮಾಡಿ ಬನ್ನಿ. ಮಗಳು ನಿಮಗಿಂತ ಮೊದಲೇ ನಿಂತರೆ ಬೇಜಾರಾಗಬೇಡಿ, ಸಾಮಾನ್ಯವಾಗಿ ಹಾಗೇ ಆಗುತ್ತದೆ.

ನೀರಲ್ಲಿ ನಡೆಯುವಾಗ ಪಾದ ಎತ್ತಿ ಹಾಕದೆ ಮರಳಲ್ಲಿ ಎಳೆದುಕೊಂಡೇ ಹೋಗಿ. ತೊರಕೆ ಮೀನು ಮರಳಡಿ ಮಲಗಿರುತ್ತದೆ. ಕಾಲಿನ ಸುಳಿವು ಸಿಕ್ಕರೆ ತಾನೇ ಸರಿದುಕೊಳ್ಳುತ್ತದೆ, ಮೆಟ್ಟಿದರೆ ಬಾಲದ ಮುಳ್ಳು ನಾಟುತ್ತದೆ. ನಾಟಿದರೆ ಸಹಿಸುವಷ್ಟು ಬಿಸಿನೀರಲ್ಲಿ ಕಾಲಿಟ್ಟು, ತಡಮಾಡದೆ ವೈದ್ಯರ ಬಳಿ ಹೋಗಿ.